ಕಿಟ್ ಇಲ್ಲದೆ ಮರದ ಹಡಗು: ಯಾವುದನ್ನು ಕಟ್ಟಬೇಕು, ಹೇಗೆ ಕಟ್ಟಬೇಕು

ಮರದ ಹಡಗಿನ ಮಾದರಿ ಕಟ್ಟಬೇಕು ಅಂತ ಮನಸ್ಸಾದವರಿಗೆ ಎರಡು ದಾರಿ ಇವೆ. ಒಂದು, ಕಿಟ್ ತರಿಸುವುದು. ತುಂಡುಗಳೆಲ್ಲ ಕತ್ತರಿಸಿಯೇ ಬಂದಿರುತ್ತವೆ, ಜೋಡಿಸುವುದು ನಿಮ್ಮ ಕೆಲಸ. ಇನ್ನೊಂದು, ನಕ್ಷೆ ಮತ್ತು ಮರ ಇಷ್ಟನ್ನೇ ಇಟ್ಟುಕೊಂಡು ಪ್ರತಿ ತುಂಡನ್ನೂ ನೀವೇ ಮಾಡುವುದು. ಈ ಬರಹ ಎರಡನೆಯದರ ಬಗ್ಗೆ. ಕಿಟ್ ಕೆಟ್ಟದ್ದು ಅಂತಲ್ಲ. ಆದರೆ ಒಳ್ಳೆಯ ಕಿಟ್‌ಗಳು ಹೆಚ್ಚಾಗಿ ಹೊರದೇಶದವು. ಸಾಗಣೆ, ಸುಂಕ ಎಲ್ಲ ಸೇರಿದಾಗ ಆಗುವ ದುಡ್ಡಿನಲ್ಲಿ ಒಳ್ಳೆಯ ಮರವೂ ಬರುತ್ತದೆ, ಒಂದಷ್ಟು ಒಳ್ಳೆಯ ಉಪಕರಣಗಳೂ ಬರುತ್ತವೆ. ಉಪಕರಣ ಮುಂದಿನ ಹಡಗಿಗೂ ಉಳಿಯುತ್ತದೆ.

ಹೆಚ್ಚಿನವರು ಮೊದಲು ಹಡಗನ್ನು ಆರಿಸುತ್ತಾರೆ. ಅದೂ ದೊಡ್ಡ ಹಡಗು, ಮೂರು ಹಾಯಿಕಂಬ, ನೂರು ತೋಪು. ಒಡಲು, ಅಂದರೆ ಹಾಯಿ, ಕಂಬ ಬಿಟ್ಟ ಹಡಗಿನ ಮೈ, ಕಟ್ಟುವುದು ಹೇಗೆ ಎನ್ನುವ ಪ್ರಶ್ನೆ ಆಮೇಲೆ ಬರುತ್ತದೆ. ನನ್ನ ಪ್ರಕಾರ ಇದು ತಿರುಗುಮುರುಗು. ಒಡಲು ಕಟ್ಟುವ ಕ್ರಮವನ್ನು ಮೊದಲು ತೀರ್ಮಾನಿಸಿ. ಎಷ್ಟು ದೊಡ್ಡ ಹಡಗು, ಯಾವ ಅಳತೆ, ಯಾವ ಮರ, ಯಾವ ಯಂತ್ರ ಬೇಕು ಎನ್ನುವುದೆಲ್ಲ ಅದರಿಂದಲೇ ತಿಳಿಯುತ್ತದೆ.

ಮಾತು ಗಾಳಿಯಲ್ಲಿ ತೇಲಬಾರದು ಅಂತ ಎರಡು ನಿಜವಾದ ಹಡಗುಗಳನ್ನು ಎದುರಿಗಿಟ್ಟುಕೊಳ್ಳೋಣ.

ಸುಲ್ತಾನಾ ಮತ್ತು ಟ್ರಿಂಕೋಮಲಿ

ಸುಲ್ತಾನಾ ಒಂದು ಪುಟ್ಟ ಸ್ಕೂನರ್. ಅಂದರೆ ಹಾಯಿಗಳು ಹಡಗಿನ ಉದ್ದಕ್ಕೆ ನಿಲ್ಲುವ ಹಡಗು. ಇದಕ್ಕೆ ಎರಡು ಹಾಯಿಕಂಬ. 1767ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಕಟ್ಟಿದ್ದು. ಮರುವರ್ಷ ಬ್ರಿಟಿಷ್ ನೌಕಾಪಡೆ ಇದನ್ನು ಕೊಂಡುಕೊಂಡಿತು, ಅಮೆರಿಕದ ಕರಾವಳಿಯಲ್ಲಿ ಸುಂಕದ ಕಾವಲಿಗೆ ಬಿಟ್ಟಿತು. ಕೊಳ್ಳುವಾಗ ಅಳತೆ ತೆಗೆದು ನಕ್ಷೆ ಬರೆದಿಟ್ಟಿದ್ದರು. ಅದರಿಂದಲೇ ಇವತ್ತು ನಾವು ಇದನ್ನು ನಂಬಿಕೆಯಿಂದ ಕಟ್ಟಬಹುದು. ಡೆಕ್‌ನ ಉದ್ದ ಸುಮಾರು 50 ಅಡಿ.

ಟ್ರಿಂಕೋಮಲಿ ನಮಗೆ ಹತ್ತಿರದ ಹಡಗು. ಬ್ರಿಟಿಷ್ ನೌಕಾಪಡೆಗಾಗಿ ಮುಂಬೈಯಲ್ಲಿ ವಾಡಿಯಾ ಮನೆತನದವರು ತೇಗದಲ್ಲಿ ಕಟ್ಟಿದ ಫ್ರಿಗೇಟ್ ಎನ್ನುವ ಬಗೆಯ ಯುದ್ಧನೌಕೆ. 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ಇದರ ನಕ್ಷೆಗಳನ್ನು ಹೊತ್ತು ಮುಂಬೈಗೆ ಬರುತ್ತಿದ್ದ ಜಾವಾ ಎನ್ನುವ ಹಡಗನ್ನು 1812ರ ಡಿಸೆಂಬರಿನಲ್ಲಿ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಎನ್ನುವ ಯುದ್ಧನೌಕೆ ಸೋಲಿಸಿತು. ನಕ್ಷೆಗಳೂ ಹಡಗಿನ ಜೊತೆಗೇ ಹೋದವು. ಹೊಸ ನಕ್ಷೆ ಬರುವವರೆಗೆ ಕೆಲಸ ಕಾಯಬೇಕಾಯಿತು. ಡೆಕ್‌ನ ಉದ್ದ ಸುಮಾರು 150 ಅಡಿ, ಅಂದರೆ ಸುಲ್ತಾನಾದ ಮೂರರಷ್ಟು.

ಮಾದರಿಯ ಅಳತೆ ಲೆಕ್ಕ ಸುಲಭ. 1:48 ಅಂದರೆ ಹಡಗಿನ ಒಂದು ಅಡಿ ನಿಮ್ಮ ಮೇಜಿನ ಮೇಲೆ ಕಾಲು ಅಂಗುಲ. ಹದಿನೇಳು, ಹದಿನೆಂಟನೆಯ ಶತಮಾನದಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಮಾಡುತ್ತಿದ್ದ ಮಾದರಿಗಳಲ್ಲಿ ಬಹಳಷ್ಟು ಇದೇ ಅಳತೆಯವು. ಲಂಡನ್ನಿನ ಗ್ರೀನಿಚ್‌ನ ನೌಕಾ ವಸ್ತುಸಂಗ್ರಹಾಲಯದಲ್ಲಿರುವ ಹಳೆಯ ನಕ್ಷೆಗಳೂ ಹೆಚ್ಚಾಗಿ ಇದೇ ಅಳತೆಯಲ್ಲಿವೆ. ಅವುಗಳ ಪ್ರತಿಯನ್ನು ದುಡ್ಡು ಕೊಟ್ಟು ತರಿಸಿಕೊಳ್ಳಬಹುದು. ಆ ಪ್ರತಿಯನ್ನು ಜೆರಾಕ್ಸ್ ಅಂಗಡಿಯಲ್ಲಿ 75 ಶೇಕಡಾಕ್ಕೆ ಇಳಿಸಿದರೆ 1:64 ಆಗುತ್ತದೆ. 50ಕ್ಕೆ ಇಳಿಸಿದರೆ 1:96.

ಸುಲ್ತಾನಾದ ಒಡಲು 1:48ರಲ್ಲಿ 32 ಸೆಂಟಿಮೀಟರ್, 1:64ರಲ್ಲಿ 24, 1:96ರಲ್ಲಿ 16. ಟ್ರಿಂಕೋಮಲಿ ಅದೇ ಕ್ರಮದಲ್ಲಿ 95, 71, 48. ಇದು ಒಡಲು ಮಾತ್ರ. ಹಾಯಿಕಂಬ, ಮುಂದಕ್ಕೆ ಚಾಚುವ ಕಂಬ ಎಲ್ಲ ಸೇರಿದರೆ ಒಟ್ಟು ಉದ್ದ ಸುಮಾರು ಒಂದೂವರೆ ಪಟ್ಟು. ಅಂದರೆ 1:48ರ ಟ್ರಿಂಕೋಮಲಿಗೆ 140 ಸೆಂಟಿಮೀಟರಿಗೂ ಹೆಚ್ಚು ಉದ್ದದ ಗಾಜಿನ ಪೆಟ್ಟಿಗೆ ಬೇಕು. ಅದನ್ನು ಮನೆಯಲ್ಲಿ ಎಲ್ಲಿ ಇಡುತ್ತೀರಿ? ಬಾಡಿಗೆ ಮನೆ ಬದಲಿಸುವಾಗ ಹೇಗೆ ಸಾಗಿಸುತ್ತೀರಿ? ಈ ಪ್ರಶ್ನೆಗೆ ಮೊದಲ ದಿನವೇ ಉತ್ತರ ಇರಬೇಕು.

ದೊಡ್ಡ ಹಡಗನ್ನು ಸಣ್ಣ ಅಳತೆಯಲ್ಲಿ ಮಾಡಿದರೆ ಆಯ್ತಲ್ವಾ ಅಂತ ಅನಿಸಬಹುದು. ಜಾಗದ ತೊಂದರೆ ತೀರುತ್ತದೆ, ನಿಜ. ಆದರೆ ಕೆಲಸ ಕಷ್ಟವಾಗುತ್ತದೆ. ನಿಜವಾದ ಹಡಗಿನ ಒಂದು ಅಂಗುಲ ದಪ್ಪದ ಹಗ್ಗ 1:96ರಲ್ಲಿ ಕಾಲು ಮಿಲಿಮೀಟರ್. 1:48ರಲ್ಲಿ ಅರ್ಧ ಮಿಲಿಮೀಟರ್. ಅರ್ಧ ಮಿಲಿಮೀಟರಿನ ದಾರಕ್ಕೆ ಗಂಟು ಹಾಕಬಹುದು, ಕಾಲು ಮಿಲಿಮೀಟರಿನದಕ್ಕೆ ಚಿಮುಟ, ಭೂತಗನ್ನಡಿ, ಅಲುಗದ ಕೈ ಮೂರೂ ಬೇಕು. ಅದಕ್ಕೇ ನಾನು ಯಾರು ಕೇಳಿದರೂ ಸಣ್ಣ ಹಡಗನ್ನು ದೊಡ್ಡ ಅಳತೆಯಲ್ಲಿ ಮಾಡಿ ಎನ್ನುತ್ತೇನೆ. 1:48ರ ಸುಲ್ತಾನಾ ಊಟದ ಮೇಜಿನ ಒಂದು ಮೂಲೆಯಲ್ಲಿ ಕೂರುತ್ತದೆ. ಹಲಗೆಗಳು ಬೆರಳಿಗೆ ಸಿಗುವಷ್ಟು ಅಗಲ ಇರುತ್ತವೆ.

ನಕ್ಷೆ ಇಳಿಸುವಾಗ ಒಂದು ಎಚ್ಚರ. ಜೆರಾಕ್ಸ್ ಯಂತ್ರ ಉದ್ದಕ್ಕೂ ಅಡ್ಡಕ್ಕೂ ಒಂದೇ ಪ್ರಮಾಣದಲ್ಲಿ ಇಳಿಸುತ್ತದೆ ಅಂತ ನಂಬಬೇಡಿ. ಮೂಲ ನಕ್ಷೆಯ ಮೇಲೆ ಉದ್ದಕ್ಕೊಂದು, ಅಡ್ಡಕ್ಕೊಂದು 20 ಸೆಂಟಿಮೀಟರ್ ಗೆರೆ ಎಳೆದು ಆಮೇಲೆ ಪ್ರತಿ ತೆಗೆಸಿ. ಎರಡೂ ಗೆರೆ ಸಮವಾಗಿ ಬಂದಿದ್ದರೆ ಮಾತ್ರ ಆ ಪ್ರತಿಯನ್ನು ಬಳಸಿ.

ಒಡಲು ಕಟ್ಟುವ ನಾಲ್ಕು ಕ್ರಮ

ಮೊದಲನೆಯದು ಗಟ್ಟಿ ಒಡಲು. ನಕ್ಷೆಯಲ್ಲಿ ನೀರಿನ ಮಟ್ಟಕ್ಕೆ ಸಮಾನಾಂತರವಾಗಿ ಗೆರೆಗಳಿರುತ್ತವೆ. ಪ್ರತಿ ಗೆರೆಯ ಆಕಾರಕ್ಕೂ ಒಂದೊಂದು ಹಲಗೆ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಮೆಟ್ಟಿಲು ಮೆಟ್ಟಿಲಾಗಿ ಉಳಿದ ಅಂಚನ್ನು ಕೆತ್ತಿ ಸಾಪು ಮಾಡುವುದು. ಆಕಾರ ಸರಿ ಬಂದಿದೆಯೇ ಎಂದು ರಟ್ಟಿನ ಅಚ್ಚು ಹಿಡಿದು ಅಲ್ಲಲ್ಲಿ ನೋಡಬೇಕು. ಎರಡು ಉಳಿ, ಒಂದು ಸಣ್ಣ ಹತ್ತರಿ, ಸ್ಯಾಂಡ್‌ಪೇಪರ್ ಇದ್ದರೆ ಸಾಕು. ಕೆಲಸ ಬೇಗ ಸಾಗುತ್ತದೆ. ಒಡಲಿಗೆ ಬಣ್ಣ ಬಳಿಯುವ ಹಡಗಿಗೆ, ಅಥವಾ ತಳಕ್ಕೆ ತಾಮ್ರದ ತಗಡು ಹೊಡೆದ ಹಡಗಿಗೆ ಇದು ಚೆನ್ನಾಗಿ ಹೊಂದುತ್ತದೆ. ಟ್ರಿಂಕೋಮಲಿ ಕಾಲದ ಬ್ರಿಟಿಷ್ ಯುದ್ಧನೌಕೆಗಳಿಗೆಲ್ಲ ತಳದಲ್ಲಿ ತಾಮ್ರ ಇರುತ್ತಿತ್ತು. ತಗಡು ನಾಲ್ಕು ಅಡಿ ಉದ್ದ, 14 ಅಂಗುಲ ಅಗಲ. 1:64ರಲ್ಲಿ ಅದು ಸುಮಾರು 19 ಮಿಲಿಮೀಟರ್ ಉದ್ದ, ಆರು ಮಿಲಿಮೀಟರಿಗೂ ತುಸು ಕಡಿಮೆ ಅಗಲ. ಅಂಟು ಇರುವ ತಾಮ್ರದ ಟೇಪ್ ಕತ್ತರಿಸಿ ಹಚ್ಚಬಹುದು. ಅದರ ಕೆಳಗೆ ಏನಿದೆ ಅಂತ ಯಾರಿಗೂ ಕಾಣುವುದಿಲ್ಲ.

ಆದರೆ ಹಡಗು ಕಟ್ಟುವುದು ಹೇಗೆ ಎನ್ನುವುದನ್ನು ಈ ಕ್ರಮ ಕಲಿಸುವುದಿಲ್ಲ. ಕೆತ್ತನೆ ಕಲಿಸುತ್ತದೆ ಅಷ್ಟೇ. ಹಲಗೆ ಬಗ್ಗಿಸಿ ಕೂರಿಸುವ ಸುಖ ಇಲ್ಲಿಲ್ಲ.

ಎರಡನೆಯದು ಅಡ್ಡಹಲಗೆಯ ಕ್ರಮ. ಹವ್ಯಾಸಿಗಳು ಪ್ಲಾಂಕ್ ಆನ್ ಬಲ್ಕ್‌ಹೆಡ್ ಎನ್ನುವುದು ಇದನ್ನೇ. ಕಿಟ್‌ಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ನಡುವೆ ಬೆನ್ನೆಲುಬಿನಂತೆ ಒಂದು ಪ್ಲೈವುಡ್ ಹಲಗೆ, ಅದಕ್ಕೆ ಅಡ್ಡಲಾಗಿ ಹಡಗಿನ ಅಡ್ಡಕೊಯ್ತದ ಆಕಾರದ ಹತ್ತು ಹನ್ನೆರಡು ಹಲಗೆ. ಅದರ ಮೇಲೆ ಉದ್ದುದ್ದ ಪಟ್ಟಿಗಳನ್ನು ಬಗ್ಗಿಸಿ ಅಂಟಿಸುತ್ತಾ ಹೋಗುವುದು. ಮೊದಲ ಹಡಗಿಗೆ ನಾನು ಸೂಚಿಸುವುದು ಇದನ್ನು. ಒಂದು ಕೈಗರಗಸ, ಅರ, ಬಟ್ಟೆ ಒಣಹಾಕುವ ಕ್ಲಿಪ್ಪು, ಬಿಸಿ ಮಾಡಿ ಬಗ್ಗಿಸಲು ಒಂದು ಹಳೆಯ ಸೋಲ್ಡರಿಂಗ್ ಕಡ್ಡಿ ಇದ್ದರೆ ನಡೆಯುತ್ತದೆ.

ಇಲ್ಲಿ ಎರಡು ಒಳ ಆಯ್ಕೆಗಳಿವೆ. ಹಲಗೆ ಒಂದೇ ಪದರವೋ, ಎರಡು ಪದರವೋ? ಎರಡು ಪದರವಾದರೆ ಒಳಗಿನದು ಮೆದು ಮರದ ದಪ್ಪ ಪಟ್ಟಿ, ಹೊರಗಿನದು ಒಳ್ಳೆಯ ಮರದ ತೆಳು ಪಟ್ಟಿ. ಒಳಪದರದಲ್ಲಿ ಎಷ್ಟೇ ಓರೆಕೋರೆ ಆದರೂ ಪುಟ್ಟಿ ತುಂಬಿ ಉಜ್ಜಬಹುದು. ಕಿಟ್ ಮಾಡುವವರು ಇದನ್ನು ಇಷ್ಟಪಡುವುದು ಅದಕ್ಕೇ. ಒಂದೇ ಪದರ ಅಂದರೆ ಮೊದಲ ಹಲಗೆಯೇ ಕೊನೆಯ ಹಲಗೆ. ನೀವೇ ಮರ ಸೀಳಿಕೊಳ್ಳುವವರಾದರೆ ನಾನು ಒಂದು ಪದರದ ಕಡೆ. ಅರ್ಧ ಮಿಲಿಮೀಟರಿನ ಪಟ್ಟಿಯನ್ನು ಮನೆಯಲ್ಲಿ ಸಮವಾಗಿ ಸೀಳುವುದು ಕಷ್ಟ. ಒಂದೂವರೆ ಮಿಲಿಮೀಟರಿನದು ಸುಲಭ, ಉಜ್ಜಲು ಮೈಯೂ ಸಿಗುತ್ತದೆ. ಆದರೆ ಅಡ್ಡಹಲಗೆಗಳ ನಡುವಿನ ಅಂತರ ಜಾಸ್ತಿ ಇರಬಾರದು, ಇದ್ದರೆ ಹಲಗೆ ಒಳಕ್ಕೆ ಕುಸಿಯುತ್ತದೆ. ಮೂತಿ ಮತ್ತು ಹಿಂಭಾಗದಲ್ಲಿ ತಿರುವು ಜೋರು. ಅಲ್ಲಿನ ಖಾಲಿ ಜಾಗಕ್ಕೆ ಮೆದು ಮರದ ತುಂಡು ಅಂಟಿಸಿ ಆಕಾರಕ್ಕೆ ಉಜ್ಜಿಕೊಳ್ಳಿ. ಹಲಗೆಗೆ ಕೂರಲು ಗಟ್ಟಿ ನೆಲೆ ಸಿಗುತ್ತದೆ.

ಈ ಕ್ರಮದಲ್ಲಿ ಕಲಿಯಬೇಕಾದ ನಿಜವಾದ ವಿದ್ಯೆ ಹಲಗೆಯನ್ನು ಸಣ್ಣಗಾಗಿಸುವುದು. ಹಡಗಿನ ನಡುವೆ ಒಡಲಿನ ಸುತ್ತಳತೆ ಜಾಸ್ತಿ, ಮೂತಿಯಲ್ಲಿ ಕಡಿಮೆ. ಆದರೆ ಎರಡೂ ಕಡೆ ಹಲಗೆಗಳ ಸಂಖ್ಯೆ ಒಂದೇ. ಹಾಗಾಗಿ ಪ್ರತಿ ಹಲಗೆಯೂ ಮೂತಿಯ ಕಡೆಗೆ ಕಿರಿದಾಗಬೇಕು. ಕಾಗದದ ಪಟ್ಟಿಯೊಂದನ್ನು ನಡುವಿನ ಅಡ್ಡಹಲಗೆಯ ಅಂಚಿಗೆ ಒತ್ತಿ ಹಿಡಿದು ಅಳೆಯಿರಿ. 90 ಮಿಲಿಮೀಟರ್ ಬಂತು ಅಂದುಕೊಳ್ಳಿ. ಐದು ಮಿಲಿಮೀಟರ್ ಅಗಲದ ಹಲಗೆಯಾದರೆ 18 ಹಲಗೆ ಬೇಕು. ಈಗ ಮೂತಿಯಲ್ಲಿ ಅಳೆಯಿರಿ. 54 ಬಂದರೆ ಅಲ್ಲಿ ಒಂದೊಂದು ಹಲಗೆಯ ಪಾಲು ಮೂರು ಮಿಲಿಮೀಟರ್. ಅಷ್ಟಕ್ಕೆ ಕೆತ್ತಿ ಸಣ್ಣ ಮಾಡಿ. ಮೂತಿಯಲ್ಲಿ ಬರೀ 36 ಬಂದರೆ ಪಾಲು ಎರಡು ಮಿಲಿಮೀಟರ್ ಆಗುತ್ತದೆ. ಹಲಗೆಯ ಅಗಲ ಅರ್ಧಕ್ಕಿಂತ ಕೆಳಗೆ ಇಳಿಯಬಾರದು ಎನ್ನುವುದು ಹಡಗು ಕಟ್ಟುವವರ ರೂಢಿ, ಅಷ್ಟು ಸಣ್ಣ ತುದಿಗೆ ಮೊಳೆ ಹಿಡಿಯುವುದಿಲ್ಲ. ಆಗ ಎರಡು ಹಲಗೆಗಳನ್ನು ಸೇರಿಸಿ ಮೂತಿಯಲ್ಲಿ ಒಂದೇ ಹಲಗೆಯಾಗಿ ಮುಗಿಸಬೇಕು. ಹಿಂಭಾಗದಲ್ಲಿ ಕೆಲವು ಕಡೆ ಇದಕ್ಕೆ ಉಲ್ಟಾ. ಅಲ್ಲಿ ಜಾಗ ಅಗಲವಾಗುತ್ತದೆ, ನಡುವೆ ಒಂದು ಬೆಣೆಯಾಕಾರದ ಹಲಗೆ ಸೇರಿಸಬೇಕು.

ಈ ಲೆಕ್ಕವನ್ನು ಪ್ರತಿ ಅಡ್ಡಹಲಗೆಯ ಮೇಲೂ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡು ಶುರು ಮಾಡಿದವರ ಹಡಗಿಗೂ, ಸುಮ್ನೆ ಮೇಲಿನಿಂದ ಅಂಟಿಸುತ್ತಾ ಬಂದವರ ಹಡಗಿಗೂ ದೂರದಿಂದಲೇ ವ್ಯತ್ಯಾಸ ಕಾಣುತ್ತದೆ. ಹಲಗೆಯ ಗೆರೆಗಳು ಮೂತಿಯಿಂದ ಹಿಂಭಾಗಕ್ಕೆ ಒಂದೇ ಓಟದಲ್ಲಿ ಹರಿಯಬೇಕು. ಹಡಗಿನ ಅಂದ ಇರುವುದೇ ಅಲ್ಲಿ.

ಮೂರನೆಯದು ಪಕ್ಕೆಲುಬಿನ ಕ್ರಮ, ಪ್ಲಾಂಕ್ ಆನ್ ಫ್ರೇಮ್. ನಿಜವಾದ ಹಡಗು ಕಟ್ಟಿದ ಹಾಗೆಯೇ ಕಟ್ಟುವುದು. ಪ್ಲೈವುಡ್ ಇಲ್ಲ. ಕೆಳಗೆ ಕೀಲ್ ಎನ್ನುವ ಬೆನ್ನೆಲುಬಿನಂಥ ತಳಮರ, ಅದರ ಮೇಲೆ ಒತ್ತೊತ್ತಾಗಿ ಪಕ್ಕೆಲುಬುಗಳು. ಕೆಳಗಿನ ಅರ್ಧಕ್ಕೆ ಹಲಗೆ ಹೊದಿಸದೆ ಹಾಗೇ ಬಿಟ್ಟು, ಒಳಗಿನ ಕಟ್ಟೋಣ ಕಾಣುವ ಹಾಗೆ ಮಾಡುತ್ತಾರೆ. ಹಳೆಯ ನೌಕಾಪಡೆ ಮಾದರಿಗಳ ಸೊಬಗು ಇದೇ. ಗ್ರೀನಿಚ್‌ನಲ್ಲೂ ಅಮೆರಿಕದ ಅನಾಪೊಲಿಸ್ ನೌಕಾ ಅಕಾಡೆಮಿಯ ವಸ್ತುಸಂಗ್ರಹಾಲಯದಲ್ಲೂ ಅಂಥವನ್ನು ಇಟ್ಟಿದ್ದಾರೆ.

ಒಂದು ಪಕ್ಕೆಲುಬು ಹೇಗೆ ಆಗುತ್ತದೆ ನೋಡಿ. ಅದು ಇಂಗ್ಲಿಷಿನ ಯು ಅಕ್ಷರದ ಆಕಾರದ್ದು. ಅಗಲವಾದ ಹಲಗೆಯಲ್ಲಿ ಇಡಿಯಾಗಿ ಕತ್ತರಿಸಿದರೆ ಆಗುವುದಿಲ್ಲವೇ? ಆಗುವುದಿಲ್ಲ. ಮರದ ಎಳೆ ಒಂದೇ ದಿಕ್ಕಿಗೆ ಓಡುತ್ತದೆ, ತಿರುವಿನಲ್ಲಿ ಎಳೆ ಅಡ್ಡ ಬರುತ್ತದೆ, ಅಲ್ಲೇ ಪಟಕ್ಕನೆ ಮುರಿಯುತ್ತದೆ. ಅದಕ್ಕೆ ಯು ಆಕಾರವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆಯುತ್ತಾರೆ. ಪ್ರತಿ ತುಂಡಿನಲ್ಲೂ ಎಳೆ ತಿರುವಿನ ಜೊತೆಗೇ ಸಾಗುವಂತೆ ಕತ್ತರಿಸುತ್ತಾರೆ. ಹೀಗೆ ಎರಡು ಪದರ ಮಾಡಿ ಬೆನ್ನಿಗೆ ಬೆನ್ನು ಅಂಟಿಸುತ್ತಾರೆ. ಒಂದು ಪದರದ ಕೂಡು ಇನ್ನೊಂದು ಪದರದ ತುಂಡಿನ ನಡುವಿಗೆ ಬರಬೇಕು. ಆಗ ಗಟ್ಟಿಯಾಗುತ್ತದೆ. ಅಂಟು ಒಣಗಿದ ಮೇಲೆ ನಕ್ಷೆಯ ಪ್ರತಿಯನ್ನು ಮೇಲೆ ಅಂಟಿಸಿ, ಗೆರೆಯವರೆಗೆ ಕತ್ತರಿಸಿ, ಉಜ್ಜಬೇಕು. ಮೂತಿಯ ಹತ್ತಿರದ ಪಕ್ಕೆಲುಬುಗಳಿಗೆ ಅಂಚು ಓರೆಯಾಗಿರಬೇಕು, ಯಾಕೆಂದರೆ ಅಲ್ಲಿ ಒಡಲು ಒಳಕ್ಕೆ ತಿರುಗುತ್ತಿರುತ್ತದೆ. ಇಷ್ಟಾದರೆ ಒಂದು ಪಕ್ಕೆಲುಬು. ಇಂಥವು ಹತ್ತಾರು ಬೇಕು. ದೊಡ್ಡ ಹಡಗಿಗೆ ಇನ್ನೂ ಜಾಸ್ತಿ.

ಇವನ್ನು ನೇರವಾಗಿ ನಿಲ್ಲಿಸುವುದೇ ದೊಡ್ಡ ಸವಾಲು. ಅಮೆರಿಕದ ಹೆರಾಲ್ಡ್ ಹಾನ್ ಇದಕ್ಕೊಂದು ಉಪಾಯವನ್ನು ಜನಪ್ರಿಯ ಮಾಡಿದರು. ಪಕ್ಕೆಲುಬಿನ ಮೇಲ್ತುದಿಗಳನ್ನು ಉದ್ದ ಬಿಟ್ಟು, ತೂತು ಕೊರೆದ ಹಲಗೆಯೊಂದರಲ್ಲಿ ತಲೆಕೆಳಗಾಗಿ ಸಿಕ್ಕಿಸುವುದು. ಎಲ್ಲ ಗಟ್ಟಿಯಾದ ಮೇಲೆ ತಿರುಗಿಸಿ, ಹೆಚ್ಚಿನ ತುದಿಯನ್ನು ಕತ್ತರಿಸುವುದು. ಮರ ಹೆಚ್ಚು ಬೇಕು, ಆದರೆ ಒಡಲು ಸೊಟ್ಟಗಾಗುವುದಿಲ್ಲ.

ಈ ಕ್ರಮಕ್ಕೆ ಸ್ಕ್ರೋಲ್ ಸಾ, ಅಂದರೆ ತಿರುವುಗಳನ್ನು ಕತ್ತರಿಸುವ ಸಣ್ಣ ಅಲಗಿನ ಗರಗಸದ ಯಂತ್ರ, ಇಲ್ಲದೆ ಕಷ್ಟ. ತಿರುಗುವ ಸ್ಯಾಂಡಿಂಗ್ ಡಿಸ್ಕ್ ಬೇಕು. ಹಲಗೆಯ ದಪ್ಪ ಸಮ ಮಾಡುವ ಯಂತ್ರ ಇದ್ದರೆ ಒಳ್ಳೆಯದು, ಯಾಕೆಂದರೆ ಒಂದೊಂದು ಪಕ್ಕೆಲುಬಿನಲ್ಲೂ ಕಾಲು ಮಿಲಿಮೀಟರ್ ಹೆಚ್ಚಾದರೂ ನಲವತ್ತನೆಯದಕ್ಕೆ ಬರುವಾಗ ಅದು ಒಂದು ಸೆಂಟಿಮೀಟರ್ ಆಗಿರುತ್ತದೆ. ಮರ ತುಂಬಾ ಪೋಲಾಗುತ್ತದೆ. ವರ್ಷಗಟ್ಟಲೆ ಹಿಡಿಯುತ್ತದೆ. ಇಷ್ಟೆಲ್ಲ ಹೇಳಿಯೂ, ನಿಮಗೆ ಹಾಯಿ, ಹಗ್ಗ, ತೋಪುಗಳಿಗಿಂತ ಮರದ ಕೂಡುಗಳ ಮೇಲೆ ಪ್ರೀತಿ ಜಾಸ್ತಿ ಇದ್ದರೆ ಎರಡನೆಯ ಕ್ರಮದಲ್ಲಿ ಸಮಯ ಕಳೆಯಬೇಡಿ, ನೇರ ಇಲ್ಲಿಗೇ ಬನ್ನಿ. ಆದರೆ ಸಣ್ಣದು ಆರಿಸಿ. ಹದಿನೆಂಟನೆಯ ಶತಮಾನದ ಹಡಗುಗಳ ಜೊತೆಗಿರುತ್ತಿದ್ದ ಲಾಂಗ್‌ಬೋಟ್ ಎನ್ನುವ ತೆರೆದ ದೋಣಿ ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. ಡೆಕ್ ಇಲ್ಲ, ಒಳಗೆಲ್ಲ ಕಾಣುತ್ತದೆ, ಪಕ್ಕೆಲುಬುಗಳು ತೆಳ್ಳಗೆ.

ನಾಲ್ಕನೆಯದನ್ನು ಪಾಶ್ಚಾತ್ಯ ಹವ್ಯಾಸಿಗಳು ಅಷ್ಟಾಗಿ ಮುಟ್ಟುವುದಿಲ್ಲ. ನಮ್ಮ ಸಮುದ್ರದ ಕ್ರಮ ಅದು. ಪಕ್ಕೆಲುಬು ಮೊದಲಲ್ಲ, ಹಲಗೆ ಮೊದಲು. ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ತೆಂಗಿನ ನಾರಿನ ಹುರಿಯಲ್ಲಿ ಹೊಲಿದು ಚಿಪ್ಪು ಮಾಡಿ, ಆಮೇಲೆ ಒಳಗೆ ಪಕ್ಕೆಲುಬು ಕೊಡುವುದು. ಈ ಕ್ರಮದಲ್ಲಿ ಕಟ್ಟಿದ ಐಎನ್‌ಎಸ್‌ವಿ ಕೌಂಡಿನ್ಯ ಎನ್ನುವ ಹಾಯಿಹಡಗನ್ನು 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಭಾರತೀಯ ನೌಕಾಪಡೆಗೆ ಸೇರಿಸಿಕೊಂಡರು. ಅಜಂತಾ ಗುಹೆಯ ಐದನೆಯ ಶತಮಾನದ ಚಿತ್ರವೊಂದು ಅದಕ್ಕೆ ಆಧಾರ. ಕೇರಳದ ಕುಶಲಕರ್ಮಿಗಳು ಗೋವಾದಲ್ಲಿ ಕಟ್ಟಿದರು. ಹಾಯಿಯ ಮೇಲೆ ನಮ್ಮ ಗಂಡಭೇರುಂಡ ಇದೆ, ಮೂತಿಯಲ್ಲಿ ಸಿಂಹಯಾಳಿ. ಹಳೆಯ ನಕ್ಷೆ ಇರಲಿಲ್ಲವಾದ್ದರಿಂದ ಮದ್ರಾಸ್ ಐಐಟಿಯಲ್ಲಿ ಮಾದರಿ ಮಾಡಿ ನೀರಿನಲ್ಲಿ ಪರೀಕ್ಷೆ ಮಾಡಿದ್ದರು.

ಇದನ್ನು ಮೇಜಿನ ಮೇಲೆ ಕಟ್ಟಬಹುದು. ಹಡಗು ಸುಮಾರು 20 ಮೀಟರ್ ಉದ್ದ. 1:24ರಲ್ಲಿ 83 ಸೆಂಟಿಮೀಟರ್. ಮೊದಲು ಗಟ್ಟಿ ಒಡಲಿನ ಕ್ರಮದಲ್ಲಿ ಒಂದು ಅಚ್ಚು ಮಾಡಿ. ಅದಕ್ಕೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅಂಟು ಹಿಡಿಯದಿರಲಿ ಅಂತ. ಹಲಗೆಗಳನ್ನು ಅಚ್ಚಿನ ಮೇಲೆ ಬಗ್ಗಿಸಿ ಕೂರಿಸಿ, ಅಂಚಿನಲ್ಲಿ ಜೋಡಿ ತೂತು ಕೊರೆದು, ಲಿನನ್ ದಾರದಲ್ಲಿ ಹೊಲಿಯಿರಿ. ಚಿಪ್ಪು ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿ. 1:24ಕ್ಕಿಂತ ಸಣ್ಣ ಅಳತೆ ಬೇಡ, ಹೊಲಿಗೆಯೇ ಕಾಣದಿದ್ದರೆ ಮಾಡಿ ಏನು ಫಲ? ಬೋಲ್ಟು, ಮೊಳೆ, ತೋಪು ಯಾವುದೂ ಇಲ್ಲದ ಹಡಗು. ಚೌಕದ ಹಾಯಿ, ಹಿಂಬದಿಯಲ್ಲಿ ಹುಟ್ಟಿನಂಥ ಚುಕ್ಕಾಣಿ. ಕಾರವಾರದ ಹತ್ತಿರದವರು, ಕರಾವಳಿಯವರು ಇದನ್ನು ಕೈಗೆತ್ತಿಕೊಂಡರೆ ನನಗೆ ತುಂಬಾ ಸಂತೋಷ. ಆದರೆ ಸಿಗುವುದು ಫೋಟೋಗಳೇ ಹೊರತು ಗೆರೆಗೆರೆಯ ನಕ್ಷೆಯಲ್ಲ. ಫೋಟೋ ನೋಡಿ ಆಕಾರ ಎಳೆಯುವ ಧೈರ್ಯ ಇರಬೇಕು. ಅದಕ್ಕೆ ಮೊದಲ ಹಡಗಾಗಿ ಇದನ್ನು ಸೂಚಿಸುವುದಿಲ್ಲ.

ಮರ

ನಿಜವಾದ ಟ್ರಿಂಕೋಮಲಿ ತೇಗದ್ದು ಅಂತ ಮಾದರಿಯನ್ನೂ ತೇಗದಲ್ಲೇ ಮಾಡಲು ಹೋಗಬೇಡಿ. ಹಡಗನ್ನು ಸಣ್ಣದು ಮಾಡಬಹುದು, ಮರದ ಎಳೆಯನ್ನು ಸಣ್ಣದು ಮಾಡಲಾಗುವುದಿಲ್ಲ. ತೇಗದ ರಂಧ್ರಗಳು ಕಣ್ಣಿಗೆ ಕಾಣುತ್ತವೆ. 1:64ರ ಹಲಗೆಯ ಮೇಲೆ ಆ ಗೆರೆಗಳು ಬೆರಳು ಹೋಗುವಷ್ಟು ದೊಡ್ಡ ಬಿರುಕಿನಂತೆ ತೋರುತ್ತವೆ. ಜೊತೆಗೆ ತೇಗದಲ್ಲಿ ಎಣ್ಣೆ ಇದೆ, ಅಂಟು ಸರಿಯಾಗಿ ಹಿಡಿಯುವುದಿಲ್ಲ. ರಂಧ್ರದ ವಿಷಯದಲ್ಲಿ ಓಕ್ ಮರದ್ದೂ ಇದೇ ಕಥೆ.

ಬೇಕಾದದ್ದು ಎಳೆ ಕಾಣದಷ್ಟು ನಯವಾದ, ಗಟ್ಟಿ ಮರ. ಯುರೋಪಿನ ಹಳೆಯ ಮಾದರಿಗಳಲ್ಲಿ ಪೇರ್ ಮರ ಮತ್ತು ಬಾಕ್ಸ್‌ವುಡ್ ಬಳಸಿದ್ದಾರೆ. ನಮ್ಮಲ್ಲಿ ಅವನ್ನು ಹುಡುಕಿಕೊಂಡು ಅಲೆಯಬೇಕಿಲ್ಲ. ಚನ್ನಪಟ್ಟಣದ ಗೊಂಬೆ ಮಾಡುವ ಆಲೆ ಮರ ಇದೆ. ಬಿಳುಪು, ನಯ, ಉಳಿಗೆ ಬೆಣ್ಣೆಯ ಹಾಗೆ ಸಿಗುತ್ತದೆ. ಡೆಕ್ಕಿನ ಹಲಗೆಗೂ ಕಟೆದು ಮಾಡುವ ಸಣ್ಣ ಸಾಮಾನಿಗೂ ಇದಕ್ಕಿಂತ ಒಳ್ಳೆಯದನ್ನು ನಾನು ಬಯಸುವುದಿಲ್ಲ. ಒಡಲಿಗೆ ಅರಿಸಿನ ತೇಗ ನೋಡಿ. ಹೆಸರಲ್ಲಿ ತೇಗ ಇದ್ದರೂ ತೇಗದ ಜಾತಿಯಲ್ಲ. ಸಾಮಿಲ್‌ಗಳಲ್ಲಿ ಹಲ್ದು ಅಂತ ಕೇಳಿದರೆ ಬೇಗ ಗೊತ್ತಾಗುತ್ತದೆ. ತಿಳಿ ಹಳದಿ ಬಣ್ಣ, ಎಳೆ ಒತ್ತು, ಅಂಚು ಚೂಪಾಗಿ ನಿಲ್ಲುತ್ತದೆ. ಬಾಕ್ಸ್‌ವುಡ್ ಜಾಗಕ್ಕೆ ಸರಿಯಾಗಿ ಬರುತ್ತದೆ.

ಬಾಲ್ಸಾ ಬೇಡ, ಒತ್ತಿದರೆ ಕುಸಿಯುತ್ತದೆ. ಅಡ್ಡಹಲಗೆಗಳ ನಡುವೆ ತುಂಬಲು ಮಾತ್ರ ಆದೀತು. ಕಪ್ಪು ಪಟ್ಟಿಗಳಿಗೆ ಬೀಟೆ ಚೆಂದ. ಆದರೆ ರಸೀದಿ ಇಲ್ಲದ ಬೀಟೆಯನ್ನು ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ, ಅರಣ್ಯ ಕಾನೂನು ಇದೆ. ಆಲೆ ಮರಕ್ಕೇ ಕಪ್ಪು ಬಣ್ಣ ಹಾಕಿದರೂ ಕೆಲಸ ಆಗುತ್ತದೆ.

ಬಿಳಿ ಮರಗಳಿಗೆ ಒಂದು ಶತ್ರು ಇದೆ, ಕುಟ್ಟೆ ಹುಳು. ಮರ ತಂದ ಕೂಡಲೇ ಸೂಜಿ ತೂತುಗಳು ಇವೆಯೇ, ತಟ್ಟಿದರೆ ಹಿಟ್ಟು ಉದುರುತ್ತದೆಯೇ ನೋಡಿ. ಇದ್ದರೆ ಆ ತುಂಡನ್ನು ಮನೆಯೊಳಗೇ ತರಬೇಡಿ. ಚೆನ್ನಾಗಿರುವ ಮರವನ್ನೂ ತಂದ ದಿನವೇ ಸೀಳಬೇಡಿ. ನೀವು ಕೆಲಸ ಮಾಡುವ ಕೋಣೆಯಲ್ಲೇ ಕೆಲವು ವಾರ ಇಡಿ, ಅಲ್ಲಿನ ಗಾಳಿಗೆ ಅದು ಹೊಂದಿಕೊಳ್ಳಲಿ. ಮಳೆಗಾಲದಲ್ಲಿ ಹಲಗೆ ಉಬ್ಬಿರುತ್ತದೆ. ಜುಲೈನಲ್ಲಿ ಒತ್ತಾಗಿ ಕೂರಿಸಿದ ಡೆಕ್ ಏಪ್ರಿಲ್‌ನಲ್ಲಿ ಸಂದು ಬಿಡುತ್ತದೆ. ಕರಾವಳಿ, ಮಲೆನಾಡಿನವರು ಹಲಗೆ ಅಂಟಿಸುವ ಕೆಲಸವನ್ನು ಮಳೆ ಮುಗಿದ ಮೇಲೆ ಇಟ್ಟುಕೊಳ್ಳಿ. ಮಳೆಗಾಲಕ್ಕೆ ತೋಪಿನ ಗಾಡಿ, ರಾಟೆಗಳಂಥ ಬಿಡಿ ಸಾಮಾನಿನ ಕೆಲಸ ಇದ್ದೇ ಇದೆ.

ಅಂಟು, ಮರದ ಮೊಳೆ

ಅಂಟಿನ ವಿಷಯದಲ್ಲಿ ಹೆಚ್ಚು ಚರ್ಚೆ ಬೇಡ. ಮರಕ್ಕೆ ಮರ ಅಂಟಿಸಲು ಫೆವಿಕಾಲ್‌ನಂಥ ಬಿಳಿ ಅಂಟು. ತಪ್ಪಾದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಕೂಡು ಬಿಡುತ್ತದೆ, ತುಂಡು ಉಳಿಯುತ್ತದೆ. ಕ್ಷಣದಲ್ಲಿ ಹಿಡಿಯುವ ಅಂಟು ಬಿಳಿ ಕಲೆ ಬಿಡುತ್ತದೆ, ಪೆಟ್ಟು ಬಿದ್ದರೆ ಬಿರುಕು ಬಿಡುತ್ತದೆ. ಲೋಹವನ್ನು ಮರಕ್ಕೆ ಕೂರಿಸುವಾಗ ಮಾತ್ರ ಅದನ್ನು ಬಳಸಿ.

ಹಲಗೆಗಳನ್ನು ಪಕ್ಕೆಲುಬಿಗೆ ಹಿಡಿಸಲು ಹಡಗುಗಳಲ್ಲಿ ಮರದ ಮೊಳೆ ಹೊಡೆಯುತ್ತಿದ್ದರು. ಮಾದರಿಯಲ್ಲೂ ಅದನ್ನು ತೋರಿಸಬೇಕೇ? 1:48ರಲ್ಲಿ ಅದರ ದಪ್ಪ ಸುಮಾರು 0.7 ಮಿಲಿಮೀಟರ್. ಬಿದಿರಿನ ಕಡ್ಡಿಯನ್ನು ಸೀಳಿ, ಅಕ್ಕಸಾಲಿಗರು ತಂತಿ ಎಳೆಯಲು ಬಳಸುವ ತೂತುಗಳ ಉಕ್ಕಿನ ತಗಡಿನಲ್ಲಿ ದೊಡ್ಡ ತೂತಿನಿಂದ ಸಣ್ಣ ತೂತಿಗೆ ಎಳೆಯುತ್ತಾ ಬಂದರೆ ಅಷ್ಟು ತೆಳ್ಳಗಾಗುತ್ತದೆ. ಬಿದಿರಿನ ಎಳೆ ಉದ್ದಕ್ಕೂ ನೇರ ಇರುವುದರಿಂದ ಮುರಿಯುವುದಿಲ್ಲ. ಆ ತಗಡು ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. 1:48ರಲ್ಲಿ ಇದು ಮಾಡಲೇಬೇಕಾದ ಕೆಲಸ ಎನ್ನುತ್ತೇನೆ. ಹಲಗೆಯ ಬಣ್ಣಕ್ಕೆ ತೀರಾ ಹತ್ತಿರದ ಮೊಳೆ ಹಾಕಿ, ಹತ್ತಿರ ಬಂದವರಿಗೆ ಮಾತ್ರ ಕಾಣಲಿ. 1:96ರಲ್ಲಿ ಬಿಟ್ಟುಬಿಡಿ. ಅಲ್ಲಿ ಕಣ್ಣಿಗೆ ಕಂಡರೆ ಅದು ಅಳತೆಗಿಂತ ದೊಡ್ಡದಾಗಿದೆ ಅಂತಲೇ ಅರ್ಥ.

ಹಾಯಿಕಂಬ ಇರಲೋ, ಬೇಡವೋ

ಹಡಗು ಅಂದ ಮೇಲೆ ಹಾಯಿ ಇರಲೇಬೇಕು ಎನ್ನುವುದು ಸಾಮಾನ್ಯ ನಂಬಿಕೆ. ಆದರೆ ಹಳೆಯ ನೌಕಾಪಡೆ ಮಾದರಿಗಳಲ್ಲಿ ಎಷ್ಟೋ ಬರೀ ಒಡಲು ಮಾತ್ರ. ಹಾಗೆ ಬಿಟ್ಟರೆ ಪೆಟ್ಟಿಗೆಯ ಎತ್ತರ ಕಾಲು ಭಾಗಕ್ಕೆ ಇಳಿಯುತ್ತದೆ, ದೂಳು ಒರೆಸುವುದು ಸುಲಭ, ಸಾಗಿಸುವುದೂ ಸುಲಭ. ಪಕ್ಕೆಲುಬಿನ ಕ್ರಮದಲ್ಲಿ ಕಟ್ಟಿದ ಒಡಲಿಗೆ ನಾನಂತೂ ಕಂಬ ನಿಲ್ಲಿಸುವುದಿಲ್ಲ. ಹಗ್ಗಗಳ ಜಾಲ ಎದ್ದರೆ ಕಣ್ಣು ಮೇಲಕ್ಕೆ ಹೋಗುತ್ತದೆ, ಕೆಳಗಿನ ಕೆಲಸ ಯಾರೂ ನೋಡುವುದಿಲ್ಲ.

ಸುಲ್ತಾನಾಕ್ಕೆ ಮಾತ್ರ ಕಂಬ, ಹಗ್ಗ ಎಲ್ಲ ಬೇಕು. ಸ್ಕೂನರಿನ ಚೆಲುವು ಹಿಂದಕ್ಕೆ ವಾಲಿದ ಆ ಕಂಬಗಳಲ್ಲೇ ಇದೆ. ಹಗ್ಗಗಳೂ ಕಡಿಮೆ. ಕಂಬವನ್ನು ಎಳೆದು ಹಿಡಿಯುವ ಹಗ್ಗಗಳಿಗೆ ಡಾಂಬರು ಬಳಿಯುತ್ತಿದ್ದರು, ಅವು ಕಡುಕಂದು ಅಥವಾ ಕಪ್ಪು ಇರಲಿ. ಹಾಯಿಯನ್ನು ಏರಿಸಿ ಇಳಿಸುವ ಹಗ್ಗಗಳು ನಸುಕಂದು. ಹೊಲಿಗೆಯ ಹತ್ತಿ ದಾರಕ್ಕೆ ನಾರು ಎದ್ದಿರುತ್ತದೆ, ಅದು ಹಡಗಿನ ಹಗ್ಗದಂತೆ ಕಾಣುವುದಿಲ್ಲ. ಲಿನನ್ ಅಥವಾ ಪಾಲಿಯೆಸ್ಟರ್ ದಾರದ ಮೂರು ಎಳೆಗಳನ್ನು ನೀವೇ ಹೊಸೆದುಕೊಳ್ಳಿ. ಎರಡು ಕೊಕ್ಕೆ, ಒಂದು ಕೈ ಡ್ರಿಲ್ ಸಾಕು. ಮೂರೂ ಎಳೆಗೆ ಬಿಗಿ ಒಂದೇ ಇದ್ದರೆ ಹಗ್ಗ ಒಂದೇ ಸಮ ಬರುತ್ತದೆ. ಹಾಯಿಯ ಬಟ್ಟೆ ಹಾಕಬೇಡಿ. ಎಷ್ಟೇ ತೆಳು ಬಟ್ಟೆಯೂ 1:48ರಲ್ಲಿ ಕಂಬಳಿಯಷ್ಟು ದಪ್ಪ ಕಾಣುತ್ತದೆ, ಜೊತೆಗೆ ಡೆಕ್ ಮುಚ್ಚಿಹೋಗುತ್ತದೆ.

ಕಂಬ ಬೇಡ ಅಂತ ಈಗ ತೀರ್ಮಾನಿಸಿದ್ದರೂ ಒಂದು ಕೆಲಸ ಮಾಡಿಡಿ. ಡೆಕ್ಕಿನ ಹಲಗೆ ಹಾಕುವ ಮುಂಚೆಯೇ ಕಂಬದ ಬುಡ ಕೂರುವ ಗುಳಿಯನ್ನು ಕೆಳಗಿನ ಮರದಲ್ಲಿ ಕೊರೆದುಬಿಡಿ. ನಕ್ಷೆಯಲ್ಲಿರುವ ವಾಲನ್ನು ರಟ್ಟಿನ ಅಚ್ಚಿನಲ್ಲಿ ಕತ್ತರಿಸಿಕೊಂಡು, ಅದೇ ಕೋನದಲ್ಲಿ ಕಡ್ಡಿಯೊಂದನ್ನು ಸಿಕ್ಕಿಸಿ ಮುಂದಿನಿಂದಲೂ ಪಕ್ಕದಿಂದಲೂ ನೋಡಿ. ಡೆಕ್ ಮುಚ್ಚಿದ ಮೇಲೆ ಆ ಕೋನ ಹಿಡಿದು ಕೊರೆಯುವುದು ಸಾಧ್ಯವಿಲ್ಲ. ಗುಳಿ ಇದ್ದರೆ ಎರಡು ವರ್ಷ ಬಿಟ್ಟು ಮನಸ್ಸು ಬದಲಾದರೂ ಕಂಬ ನಿಲ್ಲಿಸಬಹುದು.